ಒಂದು ಮನೆಗೆ ಒಂದು ಮೂಸೆ

ನಾನು ಕೂತು ಕೆಲಸ ಮಾಡುವ ಮೇಜಿನ ಮೇಲ್ಗಡೆ ಗೋಡೆಗೆ ಒಂದು ಹಲಗೆ ಹೊಡೆದಿದ್ದೇನೆ. ಅದರ ಮೇಲೆ ಸಾಲಾಗಿ ಡಬ್ಬಿಗಳು: ನಶ್ಯದ ಡಬ್ಬಿ, ಮುಲಾಮಿನ ಡಬ್ಬಿ, ಮಗಳು ಶಾಲೆಗೆ ಒಯ್ಯುತ್ತಿದ್ದ ಜಾಮಿಟ್ರಿ ಬಾಕ್ಸು. ಒಂದೊಂದಕ್ಕೂ ಒಂದು ಚೀಟಿ. ಚೀಟಿಯಲ್ಲಿ ಊರು, ತಂದ ತಾರೀಖು, ತೂಕ. ನಾಪೋಕ್ಲು, 84 ಗ್ರಾಂ. ಗರ್ವಾಲೆ, 31 ಗ್ರಾಂ. ಸಿದ್ದಾಪುರ, 112 ಗ್ರಾಂ, "ಗೆಜ್ಜೆಯ ಕೊಕ್ಕೆ ಕಬ್ಬಿಣ, ನೋಡಿಕೊಳ್ಳುವುದು." ಒಳಗಿರುವುದು ಜನ ಮನೆಯಿಂದ ತಂದುಕೊಟ್ಟ ಹಳೇ ಬೆಳ್ಳಿ. ತುಂಡಾದ ಕಾಲ್ಗೆಜ್ಜೆ, ಸವೆದು ಬಾಯಿ ಬಿಟ್ಟ ಕಾಲುಂಗುರ, ಜೋಡಿ ಕಳೆದುಕೊಂಡ ಜುಮಕಿ, ಮಗುವಿನ ಉಡಿದಾರ, ಮುಚ್ಚಳವಿಲ್ಲದ ಕುಂಕುಮದ ಭರಣಿ.

ಒಂದು ಡಬ್ಬಿಯ ಬೆಳ್ಳಿ ಇನ್ನೊಂದು ಡಬ್ಬಿಗೆ ಹೋಗುವುದಿಲ್ಲ. ಒಂದು ಮನೆಯ ಬೆಳ್ಳಿ ಕರಗಿಸುವಾಗ ಮೂಸೆಯಲ್ಲಿ, ಅಂದರೆ ಲೋಹ ಕರಗಿಸುವ ಬಟ್ಟಲಿನಲ್ಲಿ, ಆ ಮನೆಯದು ಮಾತ್ರ ಇರಬೇಕು. ಉಳಿದ ಚೂರು, ಅರ ಹಾಕಿದ ಪುಡಿ, ಎಲ್ಲವೂ ಮತ್ತೆ ಅದೇ ಡಬ್ಬಿಗೆ. ಈ ನಿಯಮ ಹುಟ್ಟಿದ್ದು ನಾನು ಮಾಡಿದ ಒಂದು ತಪ್ಪಿನಿಂದ. ಅದನ್ನು ಆಮೇಲೆ ಹೇಳುತ್ತೇನೆ.

ಪೇಟೆಯ ಅಂಗಡಿಯಲ್ಲಿ ಹಳೇ ಬೆಳ್ಳಿ ಕೊಟ್ಟರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ತಕ್ಕಡಿಗೆ ಹಾಕುತ್ತಾರೆ, ಇಷ್ಟು ಕಳೆಯುತ್ತಾರೆ, ಉಳಿದದ್ದಕ್ಕೆ ದುಡ್ಡೋ ಹೊಸ ಒಡವೆಯೋ ಕೊಡುತ್ತಾರೆ. ನಮ್ಮ ಗೆಜ್ಜೆ ಡ್ರಾಯರಿಗೆ ಬೀಳುತ್ತದೆ. ಅಲ್ಲಿಂದ ನೂರಾರು ಮನೆಯ ಬೆಳ್ಳಿಯ ಜೊತೆ ಸೇರಿ ಶುದ್ಧಿಗೆ ಹೋಗಿ ಗಟ್ಟಿಯಾಗಿ ಬರುತ್ತದೆ. ಇದರಲ್ಲಿ ತಪ್ಪೇನೂ ಕಾಣುವುದಿಲ್ಲ ನನಗೆ. ಜಗತ್ತಿನ ಮಾರುಕಟ್ಟೆಗೆ ವರ್ಷವೂ ಬರುವ ಬೆಳ್ಳಿಯಲ್ಲಿ ಹೆಚ್ಚುಕಡಿಮೆ ಐದರಲ್ಲೊಂದು ಪಾಲು ಹೀಗೆ ಮರಳಿ ಕರಗಿಸಿದ್ದು. ಉಳಿದದ್ದು ನೆಲದಿಂದ ಬರಬೇಕು. ಅದೂ ಬಹುಪಾಲು ಸೀಸ, ಸತು, ತಾಮ್ರಕ್ಕಾಗಿ ತೋಡಿದ ಗಣಿಗಳಲ್ಲಿ ಜೊತೆಜೊತೆಗೆ ಸಿಗುವಂಥದ್ದು. ನಮ್ಮ ದೇಶದ ಬೆಳ್ಳಿ ಹೆಚ್ಚಾಗಿ ರಾಜಸ್ಥಾನದ ಸೀಸ-ಸತುವಿನ ಗಣಿಗಳದು. ಒಮ್ಮೆ ನೆಲ ಬಗೆದು ಮೇಲೆ ತಂದ ಬೆಳ್ಳಿಯನ್ನು ಹತ್ತು ಸಲ ಕರಗಿಸಿ ಶುದ್ಧ ಮಾಡಿದರೂ ಅದು ಅದೇ ಬೆಳ್ಳಿ. ನಿನ್ನೆ ಗಣಿಯಿಂದ ಬಂದದ್ದಕ್ಕೂ ಇನ್ನೂರು ವರ್ಷ ಯಾರದೋ ಕಾಲಲ್ಲಿದ್ದದ್ದಕ್ಕೂ ಭೇದ ಹೇಳುವ ಉಪಕರಣ ಇಲ್ಲ. ಇಷ್ಟು ತಿಳಿದಿದ್ದೂ ನಾನು ಡಬ್ಬಿಗಳನ್ನು ಬೆರೆಸುವುದಿಲ್ಲ.

ಕೆಲಸ ಕಲಿತದ್ದು ವಿರಾಜಪೇಟೆಯ ಒಬ್ಬ ಆಚಾರಿಯವರಲ್ಲಿ. ಆಗಲೇ ಅವರಿಗೆ ಎಪ್ಪತ್ತು ದಾಟಿತ್ತು. ಪೀಚೆಕತ್ತಿಗೆ ಬೆಳ್ಳಿ ಕಟ್ಟುವುದು ಅವರ ಮನೆತನದ ಕೆಲಸ. ಕೊಡವರ ಮದುವೆಯಲ್ಲಿ ಗಂಡು ಕುಪ್ಯ ಎಂಬ ನಿಲುವಂಗಿ ತೊಟ್ಟು, ಕೆಂಪು ಚೇಲೆ ಬಿಗಿದು, ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಆ ಪುಟ್ಟ ಕತ್ತಿಯ ಒರೆ, ಹಿಡಿ, ಒರೆಗೆ ಜೋತುಬಿದ್ದ ಬೆಳ್ಳಿಯ ಸರಪಳಿಗಳು. ಸೆಪ್ಟೆಂಬರಿನ ಕೈಲ್ ಪೊಳ್ದ್ ಹತ್ತಿರ ಬಂದರೆ ಅವರ ಜಗಲಿಯಲ್ಲಿ ಕತ್ತಿಗಳ ರಾಶಿ. ಹಬ್ಬದ ದಿನ ಆಯುಧಗಳನ್ನೆಲ್ಲ ತೊಳೆದು ತೋಕ್ ಪೂ ಎಂಬ ಹೂ ಇಟ್ಟು ಪೂಜಿಸಬೇಕಲ್ಲ. ಕತ್ತರಿಸಿಹೋದ ಒಂದು ಕೊಂಡಿ, ಬಿರುಕು ಬಿಟ್ಟ ಒಂದು ಪಟ್ಟಿ. ಅವರು ಆ ಒಂದು ಕೊಂಡಿಯನ್ನಷ್ಟೇ ಬದಲಿಸುತ್ತಿದ್ದರು. ಹೊಸ ಸರಪಳಿ ಹಾಕಿಬಿಡಿ ಎಂದರೆ, "ಮಿಕ್ಕ ಕೊಂಡಿ ಏನು ತಪ್ಪು ಮಾಡಿದಾವೆ?" ಎನ್ನುತ್ತಿದ್ದರು.

ಮೊದಲ ಮೂರು ತಿಂಗಳು ನನ್ನ ಕೈಗೆ ಕೊಟ್ಟದ್ದು ಪೊರಕೆ. "ಗುಡಿಸೋದು ಕಲಿ ಮಗಳೇ. ಬೆಳ್ಳಿ ಇರೋದೆಲ್ಲ ನೆಲದ ಮೇಲೇ." ನನಗೆ ಅವಮಾನವಾಗಿತ್ತು, ಕೆಲಸ ಕೊಡಲು ಮನಸ್ಸಿಲ್ಲದೆ ಹೀಗೆ ಹೇಳುತ್ತಾರೆ ಅಂದುಕೊಂಡೆ. ವರ್ಷದ ಕೊನೆಗೆ ಗುಡಿಸಿಟ್ಟ ಧೂಳನ್ನು ಅವರು ಸುಟ್ಟು, ತೊಳೆದು, ಕರಗಿಸಿ ತೋರಿಸಿದಾಗ ಅಂಗೈಯಲ್ಲಿ ಹುಣಸೆಬೀಜದಷ್ಟು ದಪ್ಪದ ಏಳೆಂಟು ಉಂಡೆಗಳಿದ್ದವು. ಅಕ್ಕಸಾಲಿಗರ ಬೀದಿಯ ಧೂಳನ್ನು ದುಡ್ಡು ಕೊಟ್ಟು ಕೊಳ್ಳುವವರು ಯಾಕಿದ್ದಾರೆಂದು ಅವತ್ತು ತಿಳಿಯಿತು.

ಅರದ ಪುಡಿಗೂ ಒಂದು ಕ್ರಮ ಇದೆ. ತೊಡೆಯ ಮೇಲೆ ಹಾಸಿದ ಚರ್ಮದ ತುಂಡಿನಲ್ಲಿ ಬಿದ್ದ ಪುಡಿಯ ಮೇಲೆ ಮೊದಲು ಆಯಸ್ಕಾಂತ ಆಡಿಸಬೇಕು. ಗರಗಸದ ಮುರಿದ ಹಲ್ಲು, ಅರದಿಂದ ಉದುರಿದ ಉಕ್ಕಿನ ಚೂರು ಎದ್ದು ಬರುತ್ತವೆ. ಆಮೇಲೆ ಪುಡಿಗೆ ಚಿಟಿಕೆ ಬಿಳಿಗಾರ (ಬೋರ್ಯಾಕ್ಸ್) ಬೆರೆಸಿ, ತೆಳು ಕಾಗದದಲ್ಲಿ ಪೊಟ್ಟಣ ಕಟ್ಟಿ ಮೂಸೆಗೆ ಇಡಬೇಕು. ಹಾಗೇ ಸುರಿದು ಜ್ವಾಲೆ ಹಿಡಿದರೆ ಅರ್ಧ ಪುಡಿ ಹಾರಿಹೋಗುತ್ತದೆ. ಕಾಗದ ಉರಿದು ಹೋಗುವಷ್ಟರಲ್ಲಿ ಬಿಳಿಗಾರ ಕರಗಿ ಪುಡಿಯನ್ನು ಹಿಡಿದುಕೊಂಡಿರುತ್ತದೆ.

ಕರಗಿಸುವ ಮುಂಚಿನ ಕೆಲಸವೇ ದೊಡ್ಡದು. ಡಬ್ಬಿಯನ್ನು ಬಿಳಿ ಬಟ್ಟೆಯ ಮೇಲೆ ಸುರಿದುಕೊಂಡು ಒಂದೊಂದನ್ನೇ ಬಿಡಿಸುತ್ತೇನೆ. ಗೆಜ್ಜೆಯ ಗುಂಡುಗಳನ್ನು ಕತ್ತರಿಸಿ ಒಳಗಿನ ಉಕ್ಕಿನ ಕಾಳು ತೆಗೆಯಬೇಕು. ಕೊಕ್ಕೆಯೊಳಗೆ ಸ್ಪ್ರಿಂಗ್ ಇರುತ್ತದೆ. ಹಳೆಯ ಪೊಳ್ಳು ಬಳೆಗಳ ಒಳಗೆ ಅರಗು ತುಂಬಿರುತ್ತಾರೆ. ತೂಕದಲ್ಲಿ ಅದೂ ಬೆಳ್ಳಿಯ ಲೆಕ್ಕಕ್ಕೆ ಸೇರಿಹೋಗಿದ್ದನ್ನು ಮನೆಯವರಿಗೆ ತೋರಿಸಿಯೇ ತೆಗೆಯುತ್ತೇನೆ. ಜರ್ಮನ್ ಸಿಲ್ವರ್ ಎಂಬ ಹೆಸರಿನದು ಬೇರೆ; ತಾಮ್ರ, ನಿಕ್ಕಲ್, ಸತು ಸೇರಿದ ಆ ಲೋಹದಲ್ಲಿ ಗುಲಗಂಜಿಯಷ್ಟೂ ಬೆಳ್ಳಿ ಇಲ್ಲ. ಸಂಶಯ ಬಂದರೆ ಒರೆಗಲ್ಲಿಗೆ ಉಜ್ಜಿ ಗೆರೆಯ ಮೇಲೆ ಒಂದು ಹನಿ ನೈಟ್ರಿಕ್ ಆಮ್ಲ, ಅದರ ಮೇಲೆ ಒಂದು ಹನಿ ಉಪ್ಪುನೀರು. ಬೆಳ್ಳಿ ಇದ್ದರೆ ಹಾಲು ಒಡೆದ ಹಾಗೆ ಬೆಳ್ಳಗೆ ಕಟ್ಟುತ್ತದೆ.

ಬೆಸುಗೆಯನ್ನು ಕಂಡರೆ ನನಗೆ ಭಯ. ಕೆಡಿಎಂ ಎಂಬ ಮಾತು ಚಿನ್ನದ ಅಂಗಡಿಯಲ್ಲಿ ಎಲ್ಲರೂ ಕೇಳಿದ್ದೀರಿ. ಅದು ಕ್ಯಾಡ್ಮಿಯಂ ಹಾಕಿದ ಬೆಸುಗೆ. ಬೆಳ್ಳಿಯ ಬೆಸುಗೆಗೂ ಅದನ್ನು ಬಳಸಿದವರುಂಟು. ಕ್ಯಾಡ್ಮಿಯಂ 767 ಡಿಗ್ರಿಗೇ ಕುದಿದು ಆವಿಯಾಗುತ್ತದೆ, ಶುದ್ಧ ಬೆಳ್ಳಿ ಕರಗುವುದು 962 ಡಿಗ್ರಿಗೆ. ಅಂದರೆ ಬೆಳ್ಳಿ ಕರಗುವ ಹೊತ್ತಿಗೆ ಆ ಹೊಗೆ ನಮ್ಮ ಮೂಗಿನಲ್ಲಿ ಇಳಿದಾಗಿರುತ್ತದೆ. ಶ್ವಾಸಕೋಶಕ್ಕೆ, ಮೂತ್ರಪಿಂಡಕ್ಕೆ ಅದು ವಿಷ. ಮನೆಯಲ್ಲಿ ಈ ಕೆಲಸ ಶುರುಮಾಡಬೇಕೆಂದು ನನ್ನನ್ನು ಕೇಳುವ ಹುಡುಗಿಯರಿಗೆ ನಾನು ಮೊದಲು ಹೇಳುವುದೇ ಇದು: ಬೆಸುಗೆ ಇರುವ ಜಾಗವನ್ನೆಲ್ಲ ಕತ್ತರಿಸಿ ಬೇರೆ ಇಡಿ, ಗಾಳಿ ಆಡುವ ಕಡೆ ಕರಗಿಸಿ, ಅಡುಗೆಮನೆಯಲ್ಲಂತೂ ಬೇಡವೇ ಬೇಡ.

ಮೂಸೆಗೆ ಬೆಂಕಿ ಕೊಟ್ಟ ಮೇಲಿನ ನಾಲ್ಕೈದು ನಿಮಿಷ ನಾನು ಯಾರ ಜೊತೆಗೂ ಮಾತಾಡುವುದಿಲ್ಲ. ಮೊದಲು ಗೆಜ್ಜೆ ಗೆಜ್ಜೆಯಾಗಿಯೇ ಕೆಂಪಾಗುತ್ತದೆ, ಕೊಂಡಿ ಕೊಂಡಿಯೂ ಬೇರೆ ಬೇರೆ ಕಾಣುತ್ತಿರುತ್ತದೆ. ಆಮೇಲೆ ಅಂಚುಗಳು ಮೆತ್ತಗಾಗಿ ಒಂದರ ಮೇಲೊಂದು ಒರಗುತ್ತವೆ, ದಣಿದವರು ಒರಗಿದ ಹಾಗೆ. ಇನ್ನೂ ಒಂದಿಷ್ಟು ಹೊತ್ತು ಹಾಗೇ. ಥಟ್ಟನೆ ಎಲ್ಲ ಕುಸಿದು ಒಂದೇ ಹನಿ. ಆ ಹನಿ ಗುಂಡಗೆ ತಿರುಗುತ್ತಿರುತ್ತದೆ, ಮೇಲೆ ಬಿಳಿಗಾರದ ತೆಳು ಕೆನೆ ಅತ್ತಿಂದಿತ್ತ ಓಡಾಡುತ್ತದೆ, ನಡುವೆ ಕನ್ನಡಿಯಂಥ ಜಾಗ. ಇದ್ದಿಲಿನ ಕಡ್ಡಿಯಲ್ಲಿ ಕದಡಿ ಅಚ್ಚಿಗೆ ಸುರಿಯಬೇಕು. ತಡ ಮಾಡಿದರೆ ಬೆಳ್ಳಿ ಗಾಳಿಯನ್ನು ಕುಡಿಯುತ್ತದೆ: ಕರಗಿದ ಬೆಳ್ಳಿ ತನ್ನ ಗಾತ್ರದ ಇಪ್ಪತ್ತು ಪಟ್ಟಿನಷ್ಟು ಆಮ್ಲಜನಕವನ್ನು ಒಳಗೆಳೆದುಕೊಳ್ಳಬಲ್ಲದು. ಗಟ್ಟಿಯಾಗುವಾಗ ಅಷ್ಟನ್ನೂ ಉಗುಳುತ್ತದೆ. ಚಿಟಿಚಿಟಿ ಎಂದು ಹನಿ ಸಿಡಿದು, ಗಟ್ಟಿಯ ಮೈ ಸಿಡುಬಿನ ಕಲೆ ಬಿದ್ದ ಹಾಗಾಗುತ್ತದೆ. ಅದಕ್ಕೇ ಮೂಸೆಯ ಬಾಯಿಗೆ ತೆಂಗಿನ ಚಿಪ್ಪಿನ ಇದ್ದಿಲಿನ ಒಂದು ತುಂಡು ಇಟ್ಟಿರುತ್ತೇನೆ. ಗಾಳಿಯ ಆಮ್ಲಜನಕ ಬೆಳ್ಳಿಗೆ ತಾಕುವ ಮೊದಲು ಇದ್ದಿಲು ಅದನ್ನು ತಿಂದುಬಿಡುತ್ತದೆ.

ಕೊಡಗಿನಲ್ಲಿ ಈ ಕೆಲಸಕ್ಕೆ ಮಳೆಗಾಲ ಶತ್ರುವೂ ಹೌದು, ನೆಂಟನೂ ಹೌದು. ಜೂನಿನಿಂದ ಆಮೇಲೆ ಮೂಸೆ, ಅಚ್ಚು, ಬಿಳಿಗಾರದ ಭರಣಿ, ಎಲ್ಲದಕ್ಕೂ ನೀರು ಹಿಡಿಯುತ್ತದೆ. ತೇವದ ಅಚ್ಚಿಗೆ ಕರಗಿದ ಬೆಳ್ಳಿ ಬಿದ್ದರೆ ನೀರು ಆವಿಯಾಗಿ ಲೋಹವನ್ನು ಮುಖಕ್ಕೆ ಎಸೆಯುತ್ತದೆ. ನನ್ನ ಎಡಗೈಯ ಮೇಲೆ ಅಂಥದೊಂದು ಗುರುತು ಇದೆ. ಈಗ ಅಚ್ಚನ್ನು ಒಲೆಯ ಪಕ್ಕದಲ್ಲಿ ಮೊದಲ ದಿನವೇ ಇಟ್ಟು, ಸುರಿಯುವ ಮುಂಚೆ ಎಣ್ಣೆ ಸವರಿ ಹೊಗೆ ಬರುವವರೆಗೆ ಕಾಯಿಸುತ್ತೇನೆ. ನೆಂಟನೆಂದದ್ದು ಯಾಕೆಂದರೆ, ಬೆಳ್ಳಿಯನ್ನು ಬಡಿದು ಬಡಿದು ಅದು ಬಿಗಿಯಾದಾಗ ಮತ್ತೆ ಕಾಯಿಸಿ ಮೆತ್ತಗೆ ಮಾಡಬೇಕು, ಸುಮಾರು 600ರಿಂದ 650 ಡಿಗ್ರಿ. ಆ ಕಾವಿಗೆ ಬರುವ ಮಂಕು ಕೆಂಪು ಹಗಲಿನ ಬೆಳಕಿನಲ್ಲಿ ಕಣ್ಣಿಗೆ ಸಿಗುವುದೇ ಇಲ್ಲ. ಆಷಾಢದ ಮಧ್ಯಾಹ್ನ, ಮಂಜು ಕಿಟಕಿಗೇ ಬಂದು ನಿಂತು ಮೂರು ಗಂಟೆಗೇ ಕತ್ತಲಾದಂತಿರುವಾಗ, ಆ ಕೆಂಪು ಎಷ್ಟು ಸ್ಪಷ್ಟವಾಗಿ ಮೂಡುತ್ತದೆ ಗೊತ್ತೇ? ವರ್ಷದ ನನ್ನ ಒಳ್ಳೆಯ ತಗಡುಗಳೆಲ್ಲ ಜುಲೈನಲ್ಲಿ ಆದವು.

ಕಾಯಿಸಿದ ಬೆಳ್ಳಿ ಕಪ್ಪಾಗಿರುತ್ತದೆ. ಅದರೊಳಗಿನ ತಾಮ್ರ ಮೇಲೆ ಬಂದು ಸುಟ್ಟ ಬಣ್ಣ. ಆಚಾರಿಯವರು ಹುಣಸೆಹಣ್ಣಿನ ನೀರಿನಲ್ಲಿ ಕುದಿಸುತ್ತಿದ್ದರು. ಹುಣಸೆ ತೀರಿದ್ದ ಒಂದು ದಿನ ನಾನು ಪಂದಿಕರಿಗೆ ಹಾಕುವ ಕಾಚಂಪುಳಿ ಎಂಬ ಹುಳಿಯನ್ನೇ ನೀರಿಗೆ ಬೆರೆಸಿ ನೋಡಿದೆ. ಚೆನ್ನಾಗಿಯೇ ಬಿಳುಪು ಬಂತು. ಆದರೆ ಅಷ್ಟು ಹೊತ್ತು ಕುದಿಸಿ ಇಂಗಿಸಿದ ಕಾಚಂಪುಳಿಯನ್ನು ಬೆಳ್ಳಿ ತೊಳೆಯಲು ಸುರಿದದ್ದಕ್ಕೆ ಅತ್ತೆ ಎರಡು ದಿನ ಮಾತಾಡಲಿಲ್ಲ, ಹಾಗಾಗಿ ಮತ್ತೆ ಹುಣಸೆಗೇ ಬಂದೆ. ಹುಳಿಯ ಪಾತ್ರೆಗೆ ಕಬ್ಬಿಣದ ಇಕ್ಕಳ ಮಾತ್ರ ಹಾಕಬಾರದು. ನೀರಿನಲ್ಲಿ ಕರಗಿದ ತಾಮ್ರವೆಲ್ಲ ಹೋಗಿ ಬೆಳ್ಳಿಯ ಮೇಲೆ ಕೂತು ಗುಲಾಬಿ ಬಣ್ಣ ಕೊಡುತ್ತದೆ. ಬಿದಿರಿನದು ಸಾಕು.

ಈಗ ಆ ತಪ್ಪು.

ಸೋಮವಾರಪೇಟೆ ಕಡೆಯ ಒಂದು ಮನೆಯಿಂದ ಅಜ್ಜಿಯೊಬ್ಬರ ಕಾಲ್ಗೆಜ್ಜೆ ಬಂದಿತ್ತು. ಮೊಮ್ಮಗಳ ಮದುವೆಗೆ ಅದನ್ನು ಬಳೆ ಮಾಡಬೇಕು. ಕೊಂಡಿ, ಬೆಸುಗೆ, ಕಾಳು ಎಲ್ಲ ಕಳೆದು ನೋಡಿದರೆ ಎರಡು ಬಳೆಗೆ ಹನ್ನೆರಡು ಗ್ರಾಂ ಕಮ್ಮಿ. ಮದುವೆಗೆ ಒಂಬತ್ತು ದಿನ ಇತ್ತು. ಪಕ್ಕದಲ್ಲಿದ್ದ ಇನ್ನೊಂದು ಮನೆಯ ಚೂರಿನಿಂದ ಹನ್ನೆರಡು ಗ್ರಾಂ ತೆಗೆದು ಹಾಕಿದೆ. ಆಮೇಲೆ ಅಂಗಡಿಯಿಂದ ತಂದು ತುಂಬಿದರಾಯಿತು ಎಂದು. ಬೆಳ್ಳಿಗೆ ಬೆಳ್ಳಿ, ಯಾರಿಗೆ ನಷ್ಟ?

ಸುರಿದ ಗಟ್ಟಿ ಚೆನ್ನಾಗಿಯೇ ಕಂಡಿತು. ಅಡೆಗಲ್ಲಿನ ಮೇಲಿಟ್ಟು ನಾಲ್ಕು ಪೆಟ್ಟು ಹಾಕಿದೆ. ಅಂಚು ಬಿರಿಯಿತು, ಹದ ತಪ್ಪಿದ ಅಕ್ಕಿ ರೊಟ್ಟಿಯ ಅಂಚಿನ ಹಾಗೆ. ಕಾವು ಹೆಚ್ಚುಕಮ್ಮಿ ಆಗಿರಬೇಕು ಎಂದು ಮತ್ತೆ ಕರಗಿಸಿದೆ, ಇನ್ನೊಂದಿಷ್ಟು ಬಿಳಿಗಾರ ಹಾಕಿದೆ. ಈ ಸಲ ಎರಡನೇ ಪೆಟ್ಟಿಗೇ ಅಡ್ಡ ಸೀಳಿತು. ಮೂರನೆಯ ಸಲವೂ ಹಾಗೇ. ಬಸ್ಸು ಹತ್ತಿ ವಿರಾಜಪೇಟೆಗೆ ಹೋದೆ. ಆಚಾರಿಯವರು ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು, ಮುರಿದ ಮುಖವನ್ನು ನೋಡಿ, "ಸೀಸ" ಎಂದರು. ಅಷ್ಟೇ.

ನಾನು ತೆಗೆದು ಹಾಕಿದ ಆ ಹನ್ನೆರಡು ಗ್ರಾಂನಲ್ಲಿ ಯಾವುದೋ ಒಂದು ತುಂಡನ್ನು ಯಾರೋ, ಯಾವಾಗಲೋ, ರೇಡಿಯೋ ರಿಪೇರಿಗೆ ಬಳಸುವ ತವರ-ಸೀಸದ ಬೆಸುಗೆಯಲ್ಲಿ ಅಂಟಿಸಿದ್ದರು. ಅಕ್ಕಿಕಾಳಿನಷ್ಟು ಇದ್ದಿರಬಹುದು. ಸೀಸ ಬೆಳ್ಳಿಯೊಳಗೆ ಹದವಾಗಿ ಬೆರೆಯುವುದಿಲ್ಲ. ಬೆಳ್ಳಿಯ ಹರಳು ಹರಳಿನ ಸಂದಿಯಲ್ಲಿ ಹೋಗಿ ಕೂತು, ಕಾಯಿಸಿದರೂ ಬಡಿದರೂ ಅಲ್ಲೇ ಬಿಟ್ಟುಕೊಡುತ್ತದೆ. ನನ್ನಂಥವರ ಮೇಜಿನಲ್ಲಿ ಅದನ್ನು ಬೇರೆ ಮಾಡುವ ದಾರಿ ಇಲ್ಲ. ಇಡೀ ಗಟ್ಟಿಯನ್ನು ಶುದ್ಧಿಗೆ ಕಳಿಸಿದೆ. ಅದರಲ್ಲಿದ್ದ ಬೆಳ್ಳಿಯ ತೂಕಕ್ಕೆ ಬೇರೆ ಶುದ್ಧ ಬೆಳ್ಳಿ ಬಂತು. ಅದರಲ್ಲಿ ಬಳೆಯೂ ಆಯಿತು, ಮದುವೆಯ ಹೊತ್ತಿಗೆ ಮುಟ್ಟಿಸಿದೆ.

ಮುಟ್ಟಿಸುವಾಗ ನಡೆದದ್ದನ್ನು ಹೇಳಿದೆ. ಹೇಳದೆ ಇರಲು ಆಗಲಿಲ್ಲ. ಅಜ್ಜಿ ಬೈಯಲಿಲ್ಲ. ಬಳೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ, "ಹಾಗಾದ್ರೆ ನನ್ನ ಗೆಜ್ಜೆ ಎಲ್ಲಿ ಹೋಯ್ತಮ್ಮಾ?" ಎಂದು ಕೇಳಿದರು. ನಿಜವಾಗಿ ಗೊತ್ತಿಲ್ಲದವರು ದಾರಿ ಕೇಳುವ ಹಾಗೆ ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ. ಅದು ಯಾವ ಊರಿನ ಯಾವ ಮೂಸೆಯಲ್ಲಿ ಯಾರ ಬೆಳ್ಳಿಯ ಜೊತೆ ಸೇರಿತೋ, ಈಗ ಯಾರ ಕೊರಳಲ್ಲಿದೆಯೋ. ಹಲಗೆ ಹೊಡೆದದ್ದು, ಚೀಟಿ ಅಂಟಿಸಿದ್ದು ಅದೇ ವಾರ.

ನಿಯಮ ಸುಲಭದ್ದೇನಲ್ಲ. ಶುದ್ಧತೆಯ ಲೆಕ್ಕವನ್ನೇ ತೆಗೆದುಕೊಳ್ಳಿ. ಹೊರಗಿನವರು ಕೇಳುವುದು 925, ಅಂದರೆ ಸಾವಿರದಲ್ಲಿ 925 ಪಾಲು ಬೆಳ್ಳಿ, ಮಿಕ್ಕದ್ದು ಸಾಮಾನ್ಯವಾಗಿ ತಾಮ್ರ. ಶುದ್ಧ ಬೆಳ್ಳಿಯಿಂದ ಅಲ್ಲಿಗೆ ಇಳಿಯುವುದು ಸುಲಭ: 100 ಗ್ರಾಂಗೆ ಎಂಟು ಗ್ರಾಂ ಚಿಲ್ಲರೆ ತಾಮ್ರ ಹಾಕಿದರೆ ಮುಗಿಯಿತು. ಆದರೆ ಹಳೇ ಗೆಜ್ಜೆ ನೂರಕ್ಕೆ ಎಂಬತ್ತರ ಬೆಳ್ಳಿ ಎಂದಿಟ್ಟುಕೊಳ್ಳಿ. ಅಂಥ 100 ಗ್ರಾಂ ಗೆಜ್ಜೆಯನ್ನು 925ಕ್ಕೆ ಏರಿಸಲು ಸುಮಾರು 167 ಗ್ರಾಂ ಶುದ್ಧ ಬೆಳ್ಳಿ ಸುರಿಯಬೇಕು. ಅಜ್ಜಿಯ ಗೆಜ್ಜೆಗಿಂತ ಅಂಗಡಿಯ ಗಟ್ಟಿಯೇ ಹೆಚ್ಚಾಯಿತು! ಮೊದಲ ಸಲ ಈ ಲೆಕ್ಕ ಹಾಕಿದಾಗ ತಪ್ಪಿರಬೇಕೆಂದು ಮೂರು ಸಲ ಹಾಕಿದೆ.

ಅದಕ್ಕೆ ನಾನು ಏರಿಸುವುದಿಲ್ಲ. ಇದು ಎಂಬತ್ತರ ಬೆಳ್ಳಿ, ಎಂಬತ್ತರದ್ದೇ ಆಗಿ ಇರುತ್ತದೆ, ತೊಟ್ಟುಕೊಳ್ಳದೆ ಇಟ್ಟರೆ ಬೇಗ ಕಪ್ಪಾಗುತ್ತದೆ ಎಂದು ಹೇಳಿ, ಚೀಟಿಯಲ್ಲಿ ಬರೆದು ಕೊಡುತ್ತೇನೆ. ಚಿನ್ನಕ್ಕೆ 2021ರಿಂದ ಹಂತ ಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಯಿತು. ಬೆಳ್ಳಿಗೆ ಆ ಕಡ್ಡಾಯ ಇಲ್ಲ. ಇಲ್ಲದಿರುವಾಗ ಮಾಡುವವರ ಬಾಯಿಮಾತೇ ಮುದ್ರೆ. ಎಂಬತ್ತರದಕ್ಕೆ 925 ಎಂದು ಒತ್ತಿ ಮಾರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಇವತ್ತಿಗೂ.

ಮನೆಯಲ್ಲೇ ಶುದ್ಧ ಮಾಡಿಕೊಳ್ಳಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಮಾಡಬಹುದು. ಬೆಳ್ಳಿಯನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಆ ನೀರಿನಲ್ಲಿ ತಾಮ್ರದ ಪಟ್ಟಿ ಇಳಿಬಿಟ್ಟರೆ ತಾಮ್ರ ಕರಗುತ್ತಾ ಹೋಗಿ ಬೆಳ್ಳಿ ಬೂದು ಪಾಚಿಯ ಹಾಗೆ ಪಟ್ಟಿಗೆ ಕಟ್ಟುತ್ತದೆ. ನಾನೊಮ್ಮೆ ಒಂದು ಗಾಜಿನ ಲೋಟದಲ್ಲಿ ಮಾಡಿ ನೋಡಿದ್ದೇನೆ, ಕಣ್ಣು ಕೀಳಲಾಗದಷ್ಟು ಚೆಂದ. ಕೊನೆಗೆ ಉಳಿಯುವುದು ನೀಲಿ ನೀರು, ತಾಮ್ರದ ನೈಟ್ರೇಟು. ಅದನ್ನು ಎಲ್ಲಿ ಚೆಲ್ಲಲಿ? ನಮ್ಮ ಮನೆಯ ಹಿಂದಿನ ತೋಡು ಗದ್ದೆಗೆ ಇಳಿಯುತ್ತದೆ, ಗದ್ದೆಯಿಂದ ಹೊಳೆಗೆ, ಹೊಳೆಯಿಂದ ಕಾವೇರಿಗೆ. ತುಲಾ ಸಂಕ್ರಮಣದ ದಿನ ತಲಕಾವೇರಿಯಲ್ಲಿ ತೀರ್ಥ ಹಿಡಿದು ತಂದು ವರ್ಷವಿಡೀ ದೇವರ ಮನೆಯಲ್ಲಿಡುವವರು ನಾವು. ಲೋಟದ ಆ ನೀರಿಗೆ ಕಬ್ಬಿಣದ ಮೊಳೆ ಹಾಕಿ ತಾಮ್ರ ಇಳಿಸಿ, ಸೋಡಾ ಹಾಕಿ ಹುಳಿ ಮುರಿದು, ಗಷ್ಟು ಒಣಗಿಸಿ ಕಟ್ಟಿಟ್ಟೆ. ಆ ಕಟ್ಟು ಇನ್ನೂ ಅಟ್ಟದ ಮೇಲಿದೆ. ಎರಡನೇ ಲೋಟ ಮಾಡಲಿಲ್ಲ. ಶುದ್ಧಿಯ ಕೆಲಸ ಅದಕ್ಕೆ ವ್ಯವಸ್ಥೆ ಇರುವವರೇ ಮಾಡಲಿ.

ಕರಗಿಸದೆ ವಾಪಸು ಕಳಿಸಿದ್ದೂ ಬೇಕಾದಷ್ಟಿದೆ. ಒಬ್ಬರು ಹನ್ನೆರಡು ಬೆಳ್ಳಿ ರೂಪಾಯಿ ತಂದಿದ್ದರು, ಕರಗಿಸಿ ಲೋಟ ಮಾಡಿಕೊಡಿ ಎಂದು. ಬ್ರಿಟಿಷರ ಕಾಲದ ರೂಪಾಯಿ ಸರಿಯಾಗಿ ಒಂದು ತೊಲ, 11.66 ಗ್ರಾಂ, ಹಿಂದಿನವರು ಅದನ್ನೇ ತೂಕದ ಬಟ್ಟಾಗಿ ಬಳಸುತ್ತಿದ್ದರು. ವಿಕ್ಟೋರಿಯಾ ರಾಣಿಯದು, ಎಡ್ವರ್ಡನದು, ಐದನೇ ಜಾರ್ಜನದು ಸಾವಿರಕ್ಕೆ 917ರ ಒಳ್ಳೆಯ ಬೆಳ್ಳಿ. ಯುದ್ಧದ ಕಾಲಕ್ಕೆ, 1940ರಲ್ಲಿ, ಅದನ್ನು ಅರ್ಧಕ್ಕರ್ಧ ಇಳಿಸಿದರು: ನೂರಕ್ಕೆ ಐವತ್ತು ಬೆಳ್ಳಿ, ನಲವತ್ತು ತಾಮ್ರ, ಐದು ನಿಕ್ಕಲ್, ಐದು ಸತು. 1947ರದ್ದರಲ್ಲಿ ಬೆಳ್ಳಿಯೇ ಇಲ್ಲ, ಬರೀ ನಿಕ್ಕಲ್. ಅವರು ತಂದದ್ದರಲ್ಲಿ ಐದು 1940ರ ಈಚಿನವು. ಎಲ್ಲ ಒಟ್ಟಿಗೆ ಮೂಸೆಗೆ ಹಾಕಿದ್ದರೆ ಏಳು ಒಳ್ಳೆಯ ನಾಣ್ಯಗಳೂ ಹಾಳು. ಇಸವಿಗಳನ್ನು ಓದಿ ತೋರಿಸಿ, ಕರಗಿಸಬೇಡಿ ಎಂದೆ. ಮೂರು ನಾಣ್ಯಕ್ಕೆ ತೂತು ಮಾಡದೆ, ಬೆಸುಗೆ ತಾಕಿಸದೆ, ಅಂಚು ಹಿಡಿಯುವ ಕಟ್ಟು ಮಾಡಿ ಮಗಳಿಗೆ ಸರ ಮಾಡಿಕೊಟ್ಟೆ. ಕಟ್ಟಿಗೆ ಬೇಕಾದ ಬೆಳ್ಳಿ ಅವರದೇ ಮನೆಯ ಒಂದು ಮುರಿದ ಉದ್ಧರಣೆಯದು.

ಬೆಳ್ಳಿಯ ಬೆಲೆ 2025ರಲ್ಲಿ ಕಿಲೋಗೆ ಲಕ್ಷ ದಾಟಿ ಇನ್ನೂ ಏರುತ್ತಲೇ ಹೋದಾಗ ಜನ ಪೆಟ್ಟಿಗೆಯ ತಳ ಕೆದಕಿ ತಂದರು. ಆ ತಿಂಗಳುಗಳಲ್ಲಿ ನಾನು ಬೇಡ ಎಂದಷ್ಟು ಮತ್ತೆಂದೂ ಬೇಡ ಎಂದಿರಲಿಲ್ಲ. ಬೆರಳಿನ ಉಂಗುರಗಳನ್ನು ಸಣ್ಣ ಸರಪಳಿಗಳಿಂದ ಕಾಲ್ಕಡಗಕ್ಕೆ ಜೋಡಿಸಿದ, ಕೊಡವ ಮದುಮಗಳು ತೊಡುವ ಹಳೆಯ ಕಾಲಿನ ಒಡವೆ ಬಂತು. ಅಂಥ ಕೊಂಡಿ ಕೈಯಲ್ಲಿ ಹೆಣೆಯುವವರು ಈಗ ಕಮ್ಮಿ. ಕರಗಿದರೆ ಅದು ಬರೀ ತೂಕ. ಮಾರುವುದೇ ಆದರೆ ಒಡವೆಯಾಗಿಯೇ ಮಾರಿ ಎಂದು ಕಳಿಸಿದೆ. ಕೇಳಿದರೋ ಇಲ್ಲವೋ.

2018ರ ಆಗಸ್ಟಿನ ಮಳೆಯಲ್ಲಿ ಗುಡ್ಡ ಜರಿದು ಮನೆ ಕಳೆದುಕೊಂಡ ಮಕ್ಕಂದೂರು ಕಡೆಯ ಒಬ್ಬ ಅಕ್ಕ, ಮರುವರ್ಷ ಬೇಸಿಗೆಯಲ್ಲಿ ನನ್ನಲ್ಲಿಗೆ ಬಂದರು. ಕೈಯಲ್ಲೊಂದು ಪ್ಲಾಸ್ಟಿಕ್ ಡಬ್ಬಿ. ಮಣ್ಣು ತೆಗೆಯುವಾಗ ಕಬ್ಬಿಣದ ಪೆಟ್ಟಿಗೆ ಸಿಕ್ಕಿತ್ತಂತೆ, ಅಪ್ಪಚ್ಚಿಯಾಗಿ. ಒಳಗಿದ್ದದ್ದು ಇಷ್ಟು: ಒಂದು ಕಾಲಿನ ಗೆಜ್ಜೆ, ಜೊತೆಯದು ಇಲ್ಲ. ಎರಡು ಜೊತೆ ಕಾಲುಂಗುರ. ಚಪ್ಪಟೆಯಾದ ಒಂದು ಲೋಟ. ಒಂದು ಒಳಲೆ, ಹಸುಗೂಸಿಗೆ ಹಾಲು ಹಾಕುವ ಆ ಕೊಕ್ಕಿನ ಪುಟ್ಟ ಬಟ್ಟಲು, ಒಂದು ಬದಿ ನುಗ್ಗಿಹೋಗಿತ್ತು. ಎಲ್ಲವೂ ಕೆಮ್ಮಣ್ಣು ಮೆತ್ತಿ, ಅದರಡಿಯಲ್ಲಿ ಇದ್ದಿಲಿನಷ್ಟು ಕಪ್ಪು. ತೊಳೆಯಲು ಕೈ ಬರಲಿಲ್ಲ ಎಂದರು. "ಎಲ್ಲ ಕರಗಿಸಿಬಿಡಿ. ಇಬ್ಬರು ಹೆಣ್ಣುಮಕ್ಕಳು, ಒಂದೊಂದು ಬಳೆ ಆದ್ರೆ ಸಾಕು. ನನಗೆ ಇದನ್ನ ಹೀಗೆ ನೋಡೋಕೆ ಆಗಲ್ಲ."

ಕೂತುಕೊಳ್ಳಿ ಅಕ್ಕಾ, ಚಹಾ ಕುಡಿಯಿರಿ ಎಂದು, ಅಲ್ಯೂಮಿನಿಯಂ ಪಾತ್ರೆಯಲ್ಲಿ ನೀರು ಕುದಿಸಿ ಅಡುಗೆ ಸೋಡಾ ಹಾಕಿದೆ. ಬೆಳ್ಳಿಯ ಕಪ್ಪು ಎಂದರೆ ಗಂಧಕ ಹಿಡಿದ ಬೆಳ್ಳಿ. ಅಲ್ಯೂಮಿನಿಯಂಗೆ ತಾಗಿಸಿ ಬಿಸಿ ಸೋಡಾ ನೀರಿನಲ್ಲಿ ಇಟ್ಟರೆ ಗಂಧಕ ಬಿಟ್ಟು ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ, ಉಜ್ಜಿ ಸವೆಸಬೇಕಿಲ್ಲ. ಕೆಟ್ಟ ಮೊಟ್ಟೆಯ ವಾಸನೆ ಸ್ವಲ್ಪ ಬರುತ್ತದೆ. ಮೊದಲು ಕೈಗೆ ಸಿಕ್ಕಿದ್ದು ಒಳಲೆ. ಎತ್ತಿ, ಅಂಟುವಾಳದ ನೊರೆಯಲ್ಲಿ ಹಳೇ ಬ್ರಶ್ಶಿನಿಂದ ಉಜ್ಜಿದೆ. ಕೊಕ್ಕಿನ ತುದಿಯಲ್ಲಿ ಸಣ್ಣ ಸಣ್ಣ ತಗ್ಗುಗಳು ಕಂಡವು, ಸಾಲಾಗಿ ನಾಲ್ಕು. ಕಲ್ಲು ಬಿದ್ದು ಆದದ್ದಿರಬೇಕೆಂದು ಬೆಳಕಿಗೆ ಹಿಡಿದೆ. ಅಕ್ಕ ಎದ್ದು ಬಂದರು.

"ಅದು ದೊಡ್ಡವಳು ಕಚ್ಚಿದ್ದು" ಎಂದರು. "ಹಲ್ಲು ಬಂದ ಮೇಲೂ ಇದರಲ್ಲೇ ಬೇಕು ಅಂತ ಹಟ."

ಆಮೇಲೆ ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ಒಳಲೆಯನ್ನು ಸೆರಗಿನ ತುದಿಯಲ್ಲಿ ಒರೆಸಿ ಅವರೇ ಇಟ್ಟುಕೊಂಡರು. ಮಿಕ್ಕದ್ದು ಕರಗಿಸಲು ಬಿಟ್ಟರು.

ಒಳಲೆ ಹೋದ ಮೇಲೆ ಎರಡು ಬಳೆಗೆ ಬೆಳ್ಳಿ ಕಮ್ಮಿಯೇ ಬಿತ್ತು. ಈ ಸಲ ನಾನು ಪಕ್ಕದ ಡಬ್ಬಿಯ ಕಡೆ ಕೈ ಚಾಚಲಿಲ್ಲ. ಬಳೆಯನ್ನೇ ತೆಳ್ಳಗೆ ಮಾಡಿದೆ, ಗಟ್ಟಿತನಕ್ಕೆ ನಡುವೆ ಒಂದು ಮಡಿಕೆ ಕೊಟ್ಟೆ. ಕತ್ತರಿಸಿ ಉಳಿದ ಚೂರು ಎಲ್ಲ ಸೇರಿ ನಾಲ್ಕು ಗ್ರಾಂ ಇತ್ತು. ಅವುಗಳನ್ನು ಇದ್ದಿಲಿನ ಹಲಗೆಯ ಮೇಲೆ ಸಾಸಿವೆಯಷ್ಟು ಸಣ್ಣ ಚೂರು ಮಾಡಿ ದೂರ ದೂರ ಇಟ್ಟು ಜ್ವಾಲೆ ತೋರಿಸಿದರೆ ಒಂದೊಂದು ಚೂರೂ ತಾನೇ ಸುತ್ತಿಕೊಂಡು ದುಂಡಗಿನ ರವೆಯಾಗುತ್ತದೆ. ಯಾರೂ ಉರುಟು ಮಾಡಬೇಕಿಲ್ಲ. ಕರಗಿದ ಲೋಹದ ಮೈಯ ಬಿಗುವೇ ಅದನ್ನು ಗುಂಡಗೆ ಎಳೆಯುತ್ತದೆ. ಆ ರವೆಗಳನ್ನು ಎರಡೂ ಬಳೆಯ ಮಡಿಕೆಯ ಉದ್ದಕ್ಕೆ ಕೂರಿಸಿದೆ. ಕಾಫಿ ಹೂ ಬಿಡುವ ಮೊದಲು ರೆಂಬೆಯ ಮೇಲೆ ಮೊಗ್ಗು ಕೂತಿರುತ್ತದಲ್ಲ, ಹಾಗೆ ಕಂಡಿತು ನನಗೆ. ಆ ಮನೆಯ ಡಬ್ಬಿಯಲ್ಲಿ ಏನೂ ಉಳಿಯಲಿಲ್ಲ.

ಅವರು ಈಗ ಜಂಬೂರಿನಲ್ಲಿ, ಸರ್ಕಾರ ಕಟ್ಟಿಸಿಕೊಟ್ಟ ಮನೆಯಲ್ಲಿದ್ದಾರೆ. ಹೋದ ವರ್ಷ ದೊಡ್ಡ ಮಗಳಿಗೆ ಗಂಡು ಮಗು ಆಯಿತು. ಬಾಣಂತನ ಮುಗಿದ ಮೇಲೆ ಒಂದು ದಿನ ಫೋನ್ ಮಾಡಿದ್ದರು. ಒಳಲೆಯ ನುಗ್ಗಿದ ಬದಿಯನ್ನು ಸರಿಮಾಡಿಕೊಡಲೇ ಎಂದು ಕೇಳಿದೆ. ಬೇಡ ಎಂದರು. ಅಂಚು ಡೊಂಕಾಗಿರುವುದಕ್ಕೆ ಹಾಲು ಒಂದೇ ಬದಿಯಿಂದ ಇಳಿಯುತ್ತದಂತೆ. ಮಗುವನ್ನು ಎಡತೊಡೆಯ ಮೇಲೆ ಮಲಗಿಸಿಕೊಂಡರೆ ಸರಿಹೋಗುತ್ತದಂತೆ.